ನರದ ಮಾತು, ಸ್ನಾಯುವಿನ ಕಿವಿ

ಲೇಖನಿ ಹಿಡಿಯಬೇಕೆಂದು ನಾವು ಬಗೆದೊಡನೆ ಬೆರಳುಗಳು ಮಡಚಿಕೊಳ್ಳುತ್ತವೆ. ಮಿದುಳಿನ ಆಜ್ಞೆಯು ವಿದ್ಯುತ್ತಿನ ರೂಪದಲ್ಲಿ ನರದ ತುದಿಗೆ ಬರುವುದು. ಆದರೆ ನರವು ಸ್ನಾಯುವನ್ನು ಮುಟ್ಟಿಯೇ ಇಲ್ಲ! ನಡುವೆ ಮಿಲಿಮೀಟರಿನ ಸುಮಾರು 20,000ದಲ್ಲೊಂದು ಪಾಲಿನಷ್ಟು ತೆರವಿದೆ. ಅದನ್ನು ದಾಟುವ ದೂತನು ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕ. ಅದು ಸ್ನಾಯುವಿನ ಪೊರೆಯಲ್ಲಿರುವ ಗ್ರಾಹಕಗಳನ್ನು ಸೇರಿದೊಡನೆ ಸ್ನಾಯು ಸಂಕೋಚಗೊಳ್ಳುವುದು. ಬಳಿಕ ಕಿಣ್ವವೊಂದು ಅದನ್ನು ಒಡೆದುಹಾಕುವುದು; ಇಲ್ಲವಾದರೆ ಮುಂದಿನ ಆಜ್ಞೆಗೆ ಸ್ನಾಯು ಓಗೊಡಲಾರದು.

ಈ ತೆರವಿನ ಗುಟ್ಟಿಗೆ ಸುಳಿವಿತ್ತದ್ದು, ದಕ್ಷಿಣ ಅಮೆರಿಕದ ಬೇಟೆಗಾರರು ಬಾಣಕ್ಕೆ ಸವರುತ್ತಿದ್ದ ಕ್ಯುರಾರೆ ವಿಷ. 19ನೆಯ ಶತಮಾನದಲ್ಲಿ ಫ್ರಾನ್ಸಿನ ಕ್ಲೋದ್ ಬರ್ನಾರ್ ವಿಷವೇರಿದ ಕಪ್ಪೆಯ ನರವನ್ನು ಕೆರಳಿಸಿದಾಗ ಕಾಲು ಅಲುಗಲಿಲ್ಲ. ಸ್ನಾಯುವನ್ನೇ ಕೆರಳಿಸಿದಾಗ ಅಲುಗಿತು. ವಿಷವು ಗ್ರಾಹಕಗಳಲ್ಲಿ ಕುಳಿತು ದೂತನಿಗೆ ಎಡೆಗೊಡದೆಂದು ನಾವೀಗ ಬಲ್ಲೆವು. ಉಸಿರಾಟದ ಸ್ನಾಯುಗಳೂ ನಿಲ್ಲುವುದರಿಂದ ಅದು ಪ್ರಾಣಾಂತಿಕ. ಆದರೂ 1942ರಲ್ಲಿ ಕೆನಡಾದ ವೈದ್ಯರು ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುಗಳನ್ನು ಸಡಿಲಿಸಲು ಅದರ ಸಾರವನ್ನೇ ಬಳಸಿದರು.