ನಮ್ಮ ಕೈಕೆಳಗಿನವರ ಕಣ್ಣಲ್ಲಿ ನಮ್ಮ ವಿಶ್ವಾಸ



'ನಾಯಕ' ಎಂದೊಡನೆ ನಮ್ಮ ಕಣ್ಣ ಮುಂದೆ ಬರುವವರು ಯಾರು? ಪಾಲನಾ ಪರಿಷತ್ತಿನ ಉಪಾಧ್ಯಕ್ಷರು, ಗಾಯನವೃಂದದ ಮುಖ್ಯಸ್ಥರು, ಹಬ್ಬದ ಸಮಿತಿಯ ಕಾರ್ಯದರ್ಶಿ, ಕಿರು ಕ್ರೈಸ್ತ ಸಮುದಾಯದ ಮುಂದಾಳು. ಇವರ ಸೇವೆ ದೊಡ್ಡದೇ. ಆದರೆ "ನನಗೆ ಯಾವ ಹುದ್ದೆಯೂ ಇಲ್ಲ ಫಾದರ್, ನಾನೆಲ್ಲಿಯ ನಾಯಕ?" ಎನ್ನುವವರೇ ನಮ್ಮಲ್ಲಿ ಹೆಚ್ಚು. ಅವರಿಗೆ ಒಂದು ಪ್ರಶ್ನೆ: ನಿಮ್ಮ ಅಪ್ಪಣೆಗಾಗಿ ಕಾದು ನಿಲ್ಲುವ ಒಬ್ಬ ವ್ಯಕ್ತಿಯಾದರೂ ಇಲ್ಲವೇ? ಮನೆಯಲ್ಲಿ ಪಾತ್ರೆ ತೊಳೆಯುವಾಕೆ, ತೋಟದ ಆಳು, ಅಂಗಡಿಯ ಹುಡುಗ, ಕಚೇರಿಯ ಜವಾನ, ನಿಮ್ಮ ಹಿತ್ತಲ ಮನೆಯಲ್ಲಿ ಬಾಡಿಗೆಗಿರುವ ಸಂಸಾರ?

ನಮಗೆ ಎದುರಾಡಲಾಗದ ವ್ಯಕ್ತಿಯೊಂದಿಗೆ ನಾವು ಹೇಗೆ ನಡೆದುಕೊಳ್ಳುತ್ತೇವೆಯೋ ಅಲ್ಲಿಯೇ ನಮ್ಮ ಕ್ರೈಸ್ತ ನಾಯಕತ್ವದ ಪರೀಕ್ಷೆ ನಡೆಯುತ್ತದೆ. ಈ ವಾರ ಇದೊಂದೇ ವಿಷಯವನ್ನು ಕುರಿತು ಚಿಂತಿಸೋಣ.

ದೀಕ್ಷಾಸ್ನಾನ ಕೊಟ್ಟ ಹೊಣೆ

1964ರ ನವೆಂಬರ್ 21ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನವನ್ನು ಪ್ರಕಟಿಸಿತು. ಅದರ ನಾಲ್ಕನೆಯ ಅಧ್ಯಾಯ ಇಡಿಯಾಗಿ ಶ್ರೀಸಾಮಾನ್ಯರಿಗೆ ಮೀಸಲು. ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರೂ ಯಾಜಕ, ಪ್ರವಾದಿ ಹಾಗೂ ಅರಸರಾದ ಕ್ರಿಸ್ತರ ಸೇವೆಯಲ್ಲಿ ಪಾಲುದಾರರು. ಸಂಸಾರ, ಉದ್ಯೋಗಗಳ ನಡುವೆಯೇ ಇದ್ದು, ಹಿಟ್ಟಿನೊಳಗಿನ ಹುಳಿಯಂತೆ ಲೋಕವನ್ನು ಒಳಗಿನಿಂದಲೇ ಪಾವನಗೊಳಿಸುವುದು ಅವರಿಗೆ ಬಂದ ಕರೆ ಎಂದು ಅದು ಬೋಧಿಸುತ್ತದೆ.

'ಅರಸ' ಎಂಬ ಮಾತು ಕೇಳಲು ಹಿತವಾಗಿದೆ. ಆದರೆ ನಮ್ಮ ಅರಸರು ಎಂಥವರು? ಕೊನೆಯ ಭೋಜನದ ರಾತ್ರಿ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಪಾದಗಳನ್ನು ತೊಳೆದವರು (ಯೊವಾನ್ನ 13). ತಮ್ಮಲ್ಲಿ ಯಾರು ದೊಡ್ಡವರೆಂದು ಶಿಷ್ಯರು ವಾದಕ್ಕಿಳಿದಾಗ, ಲೋಕದ ದೊರೆಗಳಂತೆ ದರ್ಪ ತೋರದೆ ಸೇವಕರಂತಿರಬೇಕೆಂದು ತಿದ್ದಿದವರು (ಲೂಕ 22:24-27). ಪವಿತ್ರ ಗುರುವಾರ ಗುರುಗಳು ಹನ್ನೆರಡು ಮಂದಿಯ ಪಾದ ತೊಳೆಯುವುದನ್ನು ಭಕ್ತಿಯಿಂದ ನೋಡುತ್ತೇವೆ. ಆದರೆ ನಮ್ಮ ಮನೆಯ ನೆಲ ಒರೆಸುವಾಕೆಯನ್ನು ಹೆಸರು ಹಿಡಿದು, ಗೌರವದಿಂದ ಮಾತನಾಡಿಸುತ್ತೇವೆಯೇ?

ಅಂಗಡಿ ಇಟ್ಟಿದ್ದ ಸಂತರು

ಬಾಲಯೇಸುವಿನ ಸಂತ ತೆರೇಸಾ ನಮಗೆಲ್ಲ ಚಿರಪರಿಚಿತರು. ಅವರ ತಂದೆತಾಯಿಯನ್ನು ಬಲ್ಲವರು ಕಡಿಮೆ. ತಂದೆ ಲೂಯಿ ಮಾರ್ಟಿನ್ ಫ್ರಾನ್ಸಿನ ಅಲಾನ್ಸೋನ್ ಪಟ್ಟಣದಲ್ಲಿ ಗಡಿಯಾರ ಮತ್ತು ಒಡವೆಗಳ ಅಂಗಡಿ ಇಟ್ಟಿದ್ದರು. ತಾಯಿ ಜೆಲಿ ಗೆರಿನ್ ಆ ಊರಿಗೇ ಹೆಸರು ತಂದ ಲೇಸಿನ ಉದ್ಯಮ ನಡೆಸುತ್ತಿದ್ದರು. 1858ರ ಜುಲೈ 13ರಂದು ಅವರ ವಿವಾಹವಾಯಿತು. ಒಂಬತ್ತು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲೇ ತೀರಿಕೊಂಡರು. ಉಳಿದ ಐವರು ಹೆಣ್ಣುಮಕ್ಕಳೂ ಕನ್ಯಾಸ್ತ್ರೀಯರಾದರು. 2015ರ ಅಕ್ಟೋಬರ್ 18ರಂದು, ಕುಟುಂಬವನ್ನು ಕುರಿತ ಬಿಷಪರ ಸಿನೋಡ್ ನಡೆಯುತ್ತಿದ್ದಾಗಲೇ, ಅಂದಿನ ಜಗದ್ಗುರು ಫ್ರಾನ್ಸಿಸರು ಈ ದಂಪತಿಯನ್ನು ಒಟ್ಟಿಗೆ ಸಂತರೆಂದು ಸಾರಿದರು. ಹೀಗೆ ಜೊತೆಯಾಗಿ ಸಂತಪದವಿಗೇರಿದ ಮೊದಲ ದಂಪತಿ ಇವರೇ. ಇವರು ಮಠ ಕಟ್ಟಿದವರಲ್ಲ, ರಕ್ತಸಾಕ್ಷಿಗಳೂ ಅಲ್ಲ. ವ್ಯಾಪಾರ ಮಾಡಿದವರು, ಲೆಕ್ಕ ಬರೆದವರು, ಕೆಲಸದವರಿಗೆ ಕೂಲಿ ಕೊಟ್ಟವರು.

ಅಲಾನ್ಸೋನಿನ ಲೇಸನ್ನು ಸೂಜಿಯಿಂದಲೇ ಹೆಣೆಯುತ್ತಾರೆ. ಹೆಂಗಸರು ತಮ್ಮ ತಮ್ಮ ಮನೆಗಳಲ್ಲಿ ಕುಳಿತು ಒಂದೊಂದು ತುಂಡನ್ನು ತಯಾರಿಸಿ ಗುರುವಾರಗಳಂದು ಜೆಲಿಯವರಿಗೆ ತಂದೊಪ್ಪಿಸುತ್ತಿದ್ದರು. ಆ ತುಂಡುಗಳನ್ನು ಕೂಡಿದ ಗುರುತೇ ಕಾಣದಂತೆ ಜೋಡಿಸುವ ಅತಿ ಕಷ್ಟದ ಕೆಲಸವನ್ನು ಜೆಲಿ ತಮಗೇ ಇಟ್ಟುಕೊಂಡಿದ್ದರು. ಕರಾವಳಿಯ ಮನೆಗಳಲ್ಲಿ ಬೀಡಿ ಕಟ್ಟುವ, ಬೆಂಗಳೂರಿನ ಓಣಿಗಳಲ್ಲಿ ಊದುಬತ್ತಿ ಹೊಸೆಯುವ ತಾಯಂದಿರಿಗೆ ಈ ವ್ಯವಸ್ಥೆ ಹೊಸದೇನಲ್ಲ. ತಂದ ಮಾಲನ್ನು ತೂಗಿ ನೋಡುವವರ ಮುಖಭಾವದ ಮೇಲೆ ಮನೆಯ ಒಲೆ ಉರಿಯಬೇಕಾದ ಕಷ್ಟ ಅವರಿಗೆ ಗೊತ್ತು. ಜೆಲಿ ಕುಳಿತಿದ್ದುದು ಆ ಮಾಲು ನೋಡುವವರ ಜಾಗದಲ್ಲಿ. ಕೆಲಸದ ಹೆಂಗಸರು ಕಾಯಿಲೆ ಬಿದ್ದರೆ ಅವರ ಮನೆಗೇ ಹೋಗಿ ನೋಡಿ ಬರುತ್ತಿದ್ದರು. ಸಂಬಳ ಹೆಚ್ಚು ಕೊಟ್ಟ ಮಾತ್ರಕ್ಕೆ ಸೇವಕರ ಮನಸ್ಸು ಗೆಲ್ಲಲಾಗದು, ತಮ್ಮನ್ನು ಪ್ರೀತಿಸುತ್ತಾರೆಂದು ಅವರಿಗೆ ಅನ್ನಿಸಬೇಕು ಎಂಬ ಅರ್ಥದ ಮಾತನ್ನು ತಮ್ಮನಿಗೆ ಬರೆದರು.

ಇನ್ನು ಲೂಯಿಯವರು 1870ರಲ್ಲಿ ತಮ್ಮ ಅಂಗಡಿಯನ್ನೇ ಬಿಟ್ಟುಕೊಟ್ಟು ಹೆಂಡತಿಯ ಉದ್ಯಮಕ್ಕೆ ಹೆಗಲು ಕೊಟ್ಟರು. 'ಹೆಂಡತಿಯ ಕಸುಬಿಗೆ ನಾನು ಓಡಾಡಬೇಕೇ?' ಎಂಬ ಗಂಡಸಿನ ಬಿಂಕ ಅವರನ್ನು ತಡೆಯಲಿಲ್ಲ. ಮನೆಯ ಯಜಮಾನಿಕೆ ಎಂದರೆ ಇದೇ ಅಲ್ಲವೇ?

ಮೊದಲು ನ್ಯಾಯ, ಆಮೇಲೆ ದಾನ

ಸಂತ ತೋಮಸ್ ಅಕ್ವಿನಾಸರ ಪ್ರಕಾರ, ಅವರವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸುವ ದೃಢ ಮನಸ್ಸೇ ನ್ಯಾಯ. ಇದನ್ನೇ ವ್ಯಾಟಿಕನ್ ಮಹಾಸಭೆಯು ಶ್ರೀಸಾಮಾನ್ಯರ ಪ್ರೇಷಿತಕಾರ್ಯವನ್ನು ಕುರಿತ 1965ರ ಆಜ್ಞಾಪತ್ರದಲ್ಲಿ ಮತ್ತಷ್ಟು ಹರಿತಗೊಳಿಸಿತು: ನ್ಯಾಯವಾಗಿ ಕೊಡಬೇಕಾದ್ದನ್ನು ದಾನವೆಂಬಂತೆ ಕೊಡಬಾರದು. ಕ್ರಿಸ್ಮಸ್ಸಿಗೆ ಕೆಲಸದಾಕೆಗೆ ಸೀರೆ ಕೊಡುವುದು ಒಳ್ಳೆಯದು. ಆದರೆ ಎರಡು ತಿಂಗಳ ಸಂಬಳ ಹಿಡಿದಿಟ್ಟುಕೊಂಡು ಸೀರೆ ಕೊಟ್ಟರೆ ಅದು ಅವಳ ಹಣದಲ್ಲೇ ಅವಳಿಗೆ ಉಪಕಾರ ಮಾಡಿದಂತೆ!

ಧರ್ಮೋಪದೇಶಕಾಂಡ (24:14-15) ಬಡ ಕೂಲಿಯವನ ಸಂಬಳವನ್ನು ಸೂರ್ಯ ಮುಳುಗುವ ಮುನ್ನ ಕೊಡಬೇಕೆಂದು ವಿಧಿಸುತ್ತದೆ. ಹಿಡಿದಿಟ್ಟ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುತ್ತದೆಂದು ಸಂತ ಯಕೋಬರು (5:4) ಎಚ್ಚರಿಸುತ್ತಾರೆ. 1887ರಲ್ಲಿ ಲೂಯಿ ತಮ್ಮ ಮಕ್ಕಳಾದ ಸೆಲಿನ್ ಮತ್ತು ತೆರೇಸಾರನ್ನು ರೋಮಿಗೆ ಕರೆದೊಯ್ದಾಗ ದರ್ಶನ ನೀಡಿದ ಜಗದ್ಗುರು ಹದಿಮೂರನೆಯ ಲಿಯೋ ಅವರೇ, 1891ರಲ್ಲಿ ಕಾರ್ಮಿಕರ ಸ್ಥಿತಿಗತಿಯನ್ನು ಕುರಿತ ವಿಶ್ವಪತ್ರದಲ್ಲಿ ಯಕೋಬರ ಈ ಎಚ್ಚರಿಕೆಯನ್ನು ಮಾಲೀಕರಿಗೆ ನೆನಪಿಸಿದರು.

ಭಾನುವಾರ ಯಾರದು?

ಅಲಾನ್ಸೋನಿಗೆ ಸುತ್ತಲ ಹಳ್ಳಿಯವರು ಬಂದು ಕೊಳ್ಳುತ್ತಿದ್ದುದು ಭಾನುವಾರಗಳಂದು. ಆದರೂ ಲೂಯಿ ಅಂದು ಅಂಗಡಿ ತೆರೆಯುತ್ತಿರಲಿಲ್ಲ. ಒಳ್ಳೆಯ ವ್ಯಾಪಾರ ಕೈಬಿಡುತ್ತಿದೆ, ಪಕ್ಕದ ಬಾಗಿಲನ್ನಾದರೂ ತೆರೆದಿಡಬಾರದೇ ಎಂದು ಹಿತೈಷಿಗಳು ಹೇಳಿದರೂ ಒಪ್ಪಲಿಲ್ಲ.

"ನಮ್ಮ ಕಾಲದಲ್ಲಿ ಇದು ಆಗುವ ಮಾತೇ?" ಎಂದು ನೀವು ಕೇಳಬಹುದು. ಆಸ್ಪತ್ರೆಯ ನರ್ಸು, ಬಸ್ಸಿನ ಕಂಡಕ್ಟರು, ಪಾಳಿಯ ಕಾರ್ಮಿಕರು ಭಾನುವಾರ ದುಡಿಯಲೇಬೇಕು. ಇಂಥ ಅನಿವಾರ್ಯತೆಯನ್ನು ಧರ್ಮಸಭೆಯೂ ಬಲ್ಲುದು. ಆದರೆ ಆಜ್ಞೆಯನ್ನು ಪೂರ್ತಿ ಓದಿ ನೋಡಿ. ವಿಶ್ರಾಂತಿ ನಮಗೆ ಮಾತ್ರ ಎಂದು ಅಲ್ಲಿಲ್ಲ. ನಮ್ಮ ದಾಸದಾಸಿಯರಿಗೂ ಎತ್ತು ಕತ್ತೆಗಳಿಗೂ ಅದು ಸೇರಿದೆ (ಧರ್ಮೋಪದೇಶಕಾಂಡ 5:14). ನಾವು ಭಾನುವಾರ ಬಲಿಪೂಜೆ ಮುಗಿಸಿ ಬಂದು ನೆಂಟರೊಡನೆ ಊಟಕ್ಕೆ ಕೂರುತ್ತೇವೆ. ಆ ಊಟ ಬಡಿಸಿ, ಮುಸುರೆ ತೊಳೆದು ಸಂಜೆ ಮನೆ ಸೇರುವಾಕೆಗೆ ವಾರದಲ್ಲಿ ಯಾವ ದಿನ ರಜೆ? ಅವಳು ಕ್ರೈಸ್ತಳಾಗಿದ್ದರೆ ಅವಳಿಗೆ ಬಲಿಪೂಜೆ ಎಷ್ಟು ಗಂಟೆಗೆ? ಬೇರೆ ಧರ್ಮದವಳಾಗಿದ್ದರೆ ಅವಳ ಹಬ್ಬದಂದು ನಾವು ಬಿಡುವು ಕೊಟ್ಟೆವೇ? ನಾವು ದೇವಾಲಯಕ್ಕೆ ಹೋಗುವುದನ್ನು ನೋಡುತ್ತಾ ನಮ್ಮ ದೇವರು ಎಂಥವರೆಂದು ಅವಳು ಅಳೆಯುತ್ತಿರುತ್ತಾಳೆ, ನಮ್ಮನ್ನು ನೋಡಿಯೇ ಅಳೆಯುತ್ತಿರುತ್ತಾಳೆ.

ಸಂತರಿಗೂ ಕಾಣದೆ ಹೋದದ್ದು

ಮಾರ್ಟಿನ್ ಮನೆಯ ಕಥೆ ಎಲ್ಲವೂ ಹೂವಿನ ಹಾಸಿಗೆಯಲ್ಲ. ಅವರ ಮೂರನೆಯ ಮಗಳು ಲಿಯೊನಿ ಹಟಮಾರಿ, ಯಾರ ಮಾತೂ ಕೇಳದ ಹುಡುಗಿ ಎನಿಸಿಕೊಂಡಿದ್ದಳು. ತಾಯಿ ಎಷ್ಟು ಪ್ರಯತ್ನಿಸಿದರೂ ಮಗಳು ದೂರವೇ ಉಳಿದಳು. ಕಾರಣ 1877ರಲ್ಲಿ ಹೊರಬಿತ್ತು: ಮನೆಯ ಸೇವಕಿಯೇ ಯಾರಿಗೂ ತಿಳಿಯದಂತೆ ಆ ಹುಡುಗಿಯನ್ನು ಹೆದರಿಸಿ ತನ್ನ ಹಿಡಿತದಲ್ಲಿಟ್ಟುಕೊಂಡಿದ್ದಳು. ಅದನ್ನು ಕಂಡುಹಿಡಿದದ್ದು ಹಿರಿಯ ಮಗಳು ಮರಿ. ಆ ವೇಳೆಗೆ ಜೆಲಿ ಕ್ಯಾನ್ಸರಿನಿಂದ ನರಳುತ್ತಿದ್ದರು. ಉಳಿದಿದ್ದ ಕೆಲವೇ ತಿಂಗಳುಗಳಲ್ಲಿ ಮಗಳನ್ನು ಪ್ರೀತಿಯಿಂದ ಮರಳಿ ತಮ್ಮೆಡೆಗೆ ಸೆಳೆದುಕೊಂಡರು. ಆಗಸ್ಟ್ 28ರಂದು, ತಮ್ಮ 45ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಇದರಿಂದ ನಾವು ಕಲಿಯಬೇಕಾದ್ದು ಬಹಳವಿದೆ. ಪ್ರೀತಿ ತುಂಬಿದ ಮನೆಯಲ್ಲೂ ದುರ್ಬಲರ ದನಿ ಹಿರಿಯರ ಕಿವಿಗೆ ಬೀಳದೆ ಹೋಗಬಹುದು. ನಾವು ಒಳ್ಳೆಯವರೆಂಬ ನೆಮ್ಮದಿಯಲ್ಲಿ ಕುಳಿತರೆ ಸಾಲದು. ಮೂಲೆಯಲ್ಲಿ ಸುಮ್ಮನಿರುವವರನ್ನು ಕರೆದು ಕೇಳಬೇಕು. ಹಟ ಮಾಡುವ ಮಗು, ಇದ್ದಕ್ಕಿದ್ದಂತೆ ಮಾತು ಬಿಟ್ಟ ಸೊಸೆ, ಕೆಲಸ ಬಿಡುತ್ತೇನೆ ಎನ್ನುವ ಹುಡುಗ ಇವರೆಲ್ಲ ಏನನ್ನೋ ಹೇಳಲು ಹವಣಿಸುತ್ತಿರಬಹುದು. ಗದರಿಸುವ ಮುನ್ನ ಕೇಳಿಸಿಕೊಳ್ಳುವುದೂ ನಾಯಕತ್ವವೇ. ತಪ್ಪು ತಿಳಿದಾಗ, ತಡವಾಯಿತೆಂದು ಕೈಚೆಲ್ಲದೆ ಇರುವ ದಿನಗಳಲ್ಲೇ ಸರಿಪಡಿಸಲು ಹೊರಡುವುದು ಸಂತರ ದಾರಿ.

ಮನೆಯವರೆಲ್ಲ ಕೂಡಿ ಚಿಂತಿಸಲು

1. ನಮ್ಮ ಮನೆ ಅಥವಾ ಕಸುಬಿನಲ್ಲಿ ನಮಗಾಗಿ ದುಡಿಯುವವರ ಪೂರ್ತಿ ಹೆಸರು, ಅವರ ಮಕ್ಕಳ ಹೆಸರು ನಮಗೆ ಗೊತ್ತೇ?

2. ಯಾರಿಗಾದರೂ ಕೊಡಬೇಕಾದ ಕೂಲಿ, ಸಾಲ, ಬಾಡಿಗೆಯ ಮುಂಗಡ ನಮ್ಮಲ್ಲಿ ಉಳಿದಿದೆಯೇ? ಅದನ್ನು ಎಂದು ತೀರಿಸುತ್ತೇವೆ?

3. ಅವರಿಗೆ ವಾರದಲ್ಲೊಂದು ದಿನ ವಿಶ್ರಾಂತಿ ಸಿಗುವಂತೆ ನಮ್ಮ ಮನೆಯ ಕೆಲಸವನ್ನು ಹೇಗೆ ಹಂಚಿಕೊಳ್ಳಬಹುದು?

4. ನಮ್ಮ ಮನೆಯಲ್ಲಿ ಯಾರ ಮಾತಿಗೆ ನಾವು ಇತ್ತೀಚೆಗೆ ಕಿವಿಗೊಟ್ಟಿಲ್ಲ?

ಎರಡನೆಯ ಪ್ರಶ್ನೆಗೆ ಉತ್ತರವನ್ನು ಮುಂದಿನ ಭಾನುವಾರದ ಕಾಣಿಕೆಗೆ ಮುಂಚೆಯೇ ಕೊಟ್ಟುಬಿಡಿ. ಕಾಣಿಕೆಯ ಪೆಟ್ಟಿಗೆ ಒಂದು ವಾರ ಕಾಯುತ್ತದೆ. ಕೂಲಿಯವರ ಮನೆಯ ಒಲೆ ಕಾಯುವುದಿಲ್ಲ.

ಪ್ರಾರ್ಥನೆ: ಶಿಷ್ಯರ ಪಾದ ತೊಳೆದ ಪ್ರಭುವೇ, ನೀವು ನಮ್ಮ ಕೈಗೆ ಒಪ್ಪಿಸಿರುವ ಜನರನ್ನು ನಿಮ್ಮವರೆಂದು ಕಾಣುವ ಕಣ್ಣು ಕೊಡಿ. ಅವರಿಗೆ ಸಲ್ಲಬೇಕಾದ್ದನ್ನು ಸಕಾಲಕ್ಕೆ ಸಲ್ಲಿಸುವ ಮನಸ್ಸು ಕೊಡಿ. ಸಂತ ಲೂಯಿ, ಸಂತ ಜೆಲಿ, ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಿರಿ. ಆಮೆನ್.