ವಿಟಮಿನ್ ಇ ಕೊಳ್ಳುವ ಮುನ್ನ ಸ್ಟ್ರಿಪ್ಪಿನ ಹಿಂಬದಿ ಓದಿ

ಗೊಬ್ಬೂರ ಇರಲಿ, ಅಫಜಲಪುರ ಇರಲಿ, ಔಷಧದಂಗಡಿಯಲ್ಲಿ ‘ವಿಟಮಿನ್ ಇ ಕೊಡ್ರಿ’ ಅಂದರೆ 400 ಎಂದು ಬರೆದ ಸ್ಟ್ರಿಪ್ ಕೈಗೆ ಬರುತ್ತದೆ. ಕೂದಲು ಉದುರಿದರೂ ಅದೇ, ಮುಖದ ಕಲೆಗೂ ಅದೇ. ಯಾವ ಬಗೆಯ ಇ ಎಂದು ಕೇಳುವವರು ಕಡಿಮೆ. ಕೇಳಲೇಬೇಕು.

1922ರಲ್ಲಿ ಅಮೆರಿಕದ ಇವಾನ್ಸ್ ಮತ್ತು ಬಿಷಪ್ ಗುರುತಿಸಿದ ಈ ಜೀವಸತ್ವ ಒಂದೇ ವಸ್ತುವಲ್ಲ. ಟೊಕೊಫೆರಾಲ್ ನಾಲ್ಕು, ಟೊಕೊಟ್ರೈಯೆನಾಲ್ ನಾಲ್ಕು. ಎರಡರಲ್ಲೂ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ. ಎಂಟನ್ನೂ ಕರುಳು ಹೀರಿಕೊಳ್ಳುತ್ತದೆ. ಆದರೆ ಯಕೃತ್ತಿನ ಒಂದು ಪ್ರೋಟೀನು ಆಲ್ಫಾ ಟೊಕೊಫೆರಾಲನ್ನೇ ಆರಿಸಿ ರಕ್ತಕ್ಕೆ ಕಳಿಸುತ್ತದೆ. ಉಳಿದವು ಬಹುಪಾಲು ಒಡೆದು ಹೊರಹೋಗುತ್ತವೆ.

ಮೊದಲು ಸ್ಟ್ರಿಪ್ ತಿರುವಿ ‘ಆಲ್ಫಾ’ದ ಮುಂದಿನ ಅಕ್ಷರ ನೋಡಿ. ಅಕ್ಷರ ಬಲು ಸಣ್ಣದು, ಅಂಗಡಿಯವರಿಂದಲೇ ಓದಿಸಿ. ‘ಡಿ’ ಇದ್ದರೆ ಸಸ್ಯದೆಣ್ಣೆಯಿಂದ ಬಂದದ್ದು. ‘ಡಿಎಲ್’ ಇದ್ದರೆ ಕಾರ್ಖಾನೆಯಲ್ಲಿ ಕೂಡಿಸಿದ್ದು. ಅದರಲ್ಲಿ ಒಂದೇ ಅಣುವಿನ ಎಂಟು ವಿನ್ಯಾಸಗಳು ಬೆರೆತಿರುತ್ತವೆ, ದೇಹ ಉಳಿಸಿಕೊಳ್ಳುವುದು ನಾಲ್ಕನ್ನು ಮಾತ್ರ. ಯಾವುದೂ ಬರೆದಿಲ್ಲವೆಂದರೆ ಡಿಎಲ್ ಎಂದೇ ಹಿಡಿಯಿರಿ.

ಆಮೇಲೆ ಅಂಕಿ. ಡಿಎಲ್ ಅಸಿಟೇಟಿನ 400 ಮಿಲಿಗ್ರಾಂ ದೇಹದ ಲೆಕ್ಕದಲ್ಲಿ ಸುಮಾರು 180 ಮಿಲಿಗ್ರಾಂ ಆಲ್ಫಾ. ಡಿ ರೂಪದ 400 ಯೂನಿಟ್ ಸುಮಾರು 268 ಮಿಲಿಗ್ರಾಂ. ಅಮೆರಿಕದ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಬೇಕಾದದ್ದು 15 ಮಿಲಿಗ್ರಾಂ. ಅರ್ಧವೇ ಉಳಿಯುತ್ತದೆಂದು ಎರಡೆರಡು ನುಂಗಬೇಡಿ, ಒಂದೇ ಹತ್ತು ಪಟ್ಟು ಮೀರಿದೆ.

ನನ್ನನ್ನು ಬಹಳ ಕಾಡುವ ತಪ್ಪೆಂದರೆ ಕ್ಯಾಪ್ಸೂಲಿಗೆ ಸೂಜಿ ಚುಚ್ಚಿ ಎಣ್ಣೆಯನ್ನು ಮುಖಕ್ಕೆ ಹಚ್ಚುವುದು. ಕಾಲೇಜು ಹುಡುಗಿಯರು ಒಬ್ಬರನ್ನು ನೋಡಿ ಒಬ್ಬರು ಕಲಿಯುತ್ತಿದ್ದಾರೆ. ಒಳಗಿರುವುದು ಸಾಮಾನ್ಯವಾಗಿ ಟೊಕೊಫೆರಿಲ್ ಅಸಿಟೇಟ್. ಗಾಳಿಗೆ ಕೆಡದಿರಲೆಂದು ಅಣುವಿನ ಕೆಲಸ ಮಾಡುವ ತುದಿಗೆ ಅಸಿಟೇಟಿನ ಮುಚ್ಚಳ ಹಾಕಿರುತ್ತಾರೆ. ನುಂಗಿದರೆ ಕರುಳಿನ ಕಿಣ್ವ ಆ ಮುಚ್ಚಳ ತೆಗೆಯುತ್ತದೆ. ಚರ್ಮದ ಮೇಲೆ ಅದು ತೆರೆಯುವುದು ನಿಧಾನ, ಅದೂ ಸ್ವಲ್ಪವೇ. ಅಷ್ಟರಲ್ಲಿ ಕೆಲವರಿಗೆ ತುರಿಕೆ, ಕೆಂಪು ಗಂದೆ ಏಳುತ್ತವೆ. ಕಲೆ ಹೋಗಲೆಂದು ಹಚ್ಚಿ ಹೊಸ ಕಲೆ ತಂದುಕೊಳ್ಳುವುದು ಬೇಡ. ದಯವಿಟ್ಟು ನಿಲ್ಲಿಸಿ, ಚರ್ಮವೈದ್ಯರಿಗೆ ತೋರಿಸಿ.

ವೈದ್ಯರೇ ಬರೆದುಕೊಟ್ಟಿದ್ದರೆ ಊಟದ ಜೊತೆ ತಗೊಳ್ಳಿ. ಕೊಬ್ಬಿಲ್ಲದೆ ಇದು ಸರಿಯಾಗಿ ಹೀರಲ್ಪಡುವುದಿಲ್ಲ. ಬರೀ ಚಹಾದ ಜೊತೆ ನುಂಗಿ ಫಲವಿಲ್ಲ.

ಉಳಿದವರು ಅಡುಗೆಮನೆಗೆ ಬನ್ನಿ. ನಮ್ಮ ಎರೆಹೊಲದ ಕುಸುಬಿ ಆಲ್ಫಾದ ಖಜಾನೆ: ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 4.6 ಮಿಲಿಗ್ರಾಂ. ಸೂರ್ಯಕಾಂತಿಯಲ್ಲಿ ಇನ್ನೂ ತುಸು ಹೆಚ್ಚು, ಶೇಂಗಾದಲ್ಲಿ ಅದರರ್ಧಕ್ಕೂ ಕಡಿಮೆ. ಎಳ್ಳು, ಅಗಸಿಯಲ್ಲಿ ಇರುವುದು ಹೆಚ್ಚಾಗಿ ಗಾಮಾ. ಅಗಸಿ ಹಿಂಡಿ ಬೇರೆ ಗುಣಕ್ಕಾಗಿ ಖಂಡಿತ ತಿನ್ನಿ, ಆಲ್ಫಾಕ್ಕಾಗಿ ಅದನ್ನೇ ನಂಬಬೇಡಿ. ಕುಸುಬಿ ಬಿತ್ತನೆ ಕಡಿಮೆಯಾಗುತ್ತಿರುವುದು ಊಟಕ್ಕೂ ನಷ್ಟವೇ ಎಂದು ನನ್ನ ಖಚಿತ ಅಭಿಪ್ರಾಯ.

ಗಾಣದ ಕುಸುಬಿ ಎಣ್ಣೆ ಬೇಗ ಕಮಟುತ್ತದೆ. ಸ್ವಲ್ಪ ಸ್ವಲ್ಪವೇ ತನ್ನಿ, ಬಿಸಿಲು ಬೀಳದ ಕಡೆ ಮುಚ್ಚಿಡಿ, ಒಮ್ಮೆ ಕರಿದದ್ದನ್ನು ಮತ್ತೆ ಕಾಯಿಸಬೇಡಿ. ರೊಟ್ಟಿಯ ಜೊತೆ ಶೇಂಗಾ ಹಿಂಡಿಗೆ ಹಸಿಯಾಗಿಯೇ ಸುರಿದುಕೊಂಡರೆ ಉತ್ತಮ.

ಎಚ್ಚರಿಕೆ: ದಿನಾ 400 ಯೂನಿಟ್ ಡಿಎಲ್ ಅಸಿಟೇಟ್ ಪಡೆದ ಆರೋಗ್ಯವಂತ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17% ಹೆಚ್ಚು ಕಂಡಿತೆಂದು ಅಮೆರಿಕದ ‘ಸೆಲೆಕ್ಟ್’ ಅಧ್ಯಯನ 2011ರಲ್ಲಿ ವರದಿ ಮಾಡಿದೆ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು, ಆಪರೇಷನ್ ಗೊತ್ತಾಗಿರುವವರು ವೈದ್ಯರನ್ನು ಕೇಳದೆ ಈ ಕ್ಯಾಪ್ಸೂಲ್ ಮುಟ್ಟಬಾರದು.