ತೂಕ ಹೇಳಬೇಕಾದವನು ನೀನು

ಪ್ರೀತಿಯ ಅಳಿಯಾ,

ಕ್ರೇನ್ ಇಟ್ಟು ಮರ ತೆಗೆಯುವ ತಂಡಕ್ಕೆ ನೀನು ಸೇರುತ್ತಿದ್ದೀಯೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಅವಳಿಗೆ ಖುಷಿಯೂ ಇದೆ, ಹೆದರಿಕೆಯೂ ಇದೆ. ನನಗೆ ಖುಷಿಯೇ ಜಾಸ್ತಿ. ಆದರೂ ನಾಲ್ಕು ಮಾತು ಹೇಳದಿದ್ದರೆ ಮಾವ ಅನ್ನಿಸಿಕೊಂಡು ಏನು ಪ್ರಯೋಜನ? ಪತ್ರವನ್ನು ನಿನಗೆ ಮಾತ್ರ ಕಳಿಸದೆ ಪತ್ರಿಕೆಗೂ ಕೊಡುತ್ತಿದ್ದೇನೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ನಿನ್ನ ಹಾಗೆ ಅಡಿಕೆ ಮರದ ತಳೆ ಬಿಟ್ಟು ಸೊಂಟಕ್ಕೆ ಬೆಲ್ಟ್ ಕಟ್ಟಿಕೊಳ್ಳುತ್ತಿರುವ ಹುಡುಗರು ಬೇರೆಯೂ ಇದ್ದಾರೆ. ಅವರೂ ಓದಲಿ.

ಕೆಲಸಕ್ಕೇನೂ ಬರ ಇಲ್ಲ. ಬಿ.ಸಿ.ರೋಡಿನಿಂದ ಅಡ್ಡಹೊಳೆಗೆ, ಪುಂಜಾಲಕಟ್ಟೆಯಿಂದ ಚಾರ್ಮಾಡಿಗೆ, ಕುಲಶೇಖರದಿಂದ ಮೂಡುಬಿದಿರೆ ದಾಟಿ ಕಾರ್ಕಳಕ್ಕೆ, ಎಲ್ಲ ಕಡೆ ರಸ್ತೆ ಅಗಲ ಮಾಡಿದರು. ರಸ್ತೆ ಬಂದ ಕಡೆ ಸೈಟು ಬಂತು, ಸೈಟಿನಲ್ಲಿ ಮನೆ ಬಂತು, ಮನೆ ಮೇಲೆ ಶೀಟು ಬಂತು. ಮೊದಲು ಗುಡ್ಡೆಯಲ್ಲಿ ಒಂಟಿಯಾಗಿ ನಿಂತಿದ್ದ ಹೆಬ್ಬಲಸು ಈಗ ಯಾರದೋ ಅಡುಗೆ ಕೋಣೆಯ ಹಿಂದೆ ನಿಂತಿದೆ. ಬುಡ ಕಡಿದು ಹಗ್ಗ ಎಳೆದು ಬೀಳಿಸೋಣವೆಂದರೆ ಬೀಳಿಸಲು ಜಾಗವಿಲ್ಲ. ಹಾಗಾಗಿ ತುಂಡು ತುಂಡಾಗಿ ಕಡಿದು ಮನೆಯ ಮೇಲಿಂದ ಎತ್ತಿ ರಸ್ತೆಗೆ ಇಳಿಸುವ ಈ ಕೆಲಸ ಹುಟ್ಟಿಕೊಂಡಿತು.

ಮರವನ್ನು ನೆಲಕ್ಕೆ ಬೀಳಿಸದೆ ಇಳಿಸುವುದು ನಮಗೆ ಹೊಸತೇನಲ್ಲ. ದೇವಸ್ಥಾನದ ಕೊಡಿಮರಕ್ಕೆ, ಅಂದರೆ ಧ್ವಜಸ್ತಂಭಕ್ಕೆಂದು ಮರ ತೆಗೆಯುವ ಕ್ರಮವೇ ಅದು. ಮುಹೂರ್ತ ನೋಡಿ ಕಡಿದ ಮರ ನೆಲ ತಾಗಬಾರದು. ಹಾಗೆಯೇ ಇಳಿಸಿ, ಮೆರವಣಿಗೆಯಲ್ಲಿ ತಂದು, ಆಮೇಲೆ ಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ. ಶಬರಿಮಲೆಯಲ್ಲಿ 2017ರಲ್ಲಿ ನಿಲ್ಲಿಸಿದ ಕೊಡಿಮರದ ತೇಗವನ್ನೂ ಕೋನ್ನಿ ಕಡೆಯ ಕಾಡಿನಿಂದ ಹೀಗೆಯೇ ತಂದದ್ದು. ಮೊದಲು ಹಗ್ಗ ಮತ್ತು ಹೆಗಲು ಮಾಡುತ್ತಿದ್ದ ಕೆಲಸವನ್ನು ಈಗ ಕ್ರೇನ್ ಮಾಡುತ್ತದೆ. ಕೊಡಿಮರ ಇಳಿಸುವ ದಿನ ನೀನು ನೋಡಿದ್ದರೆ ಗೊತ್ತಿರುತ್ತದೆ, ಅಲ್ಲಿ ಯಾರಿಗೂ ಅವಸರ ಇರುವುದಿಲ್ಲ. ಉಳಿದ ದಿನಗಳಲ್ಲಿ ಕ್ರೇನಿನ ಬಾಡಿಗೆ ಗಂಟೆ ಲೆಕ್ಕದಲ್ಲಿ ಓಡುತ್ತದೆ, ಎಲ್ಲರಿಗೂ ಅವಸರ. ಈ ಕೆಲಸದ ಅಪಾಯ ಅರ್ಧಕ್ಕರ್ಧ ಅಲ್ಲಿಂದಲೇ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಇನ್ನರ್ಧ ಬರುವುದು ತೂಕದಿಂದ. ಈ ಪತ್ರ ಬರೆಯುತ್ತಿರುವುದೇ ಅದನ್ನು ಹೇಳಲಿಕ್ಕೆ.

ಇಷ್ಟು ದಿನ ನೀನು ಮರದಲ್ಲಿ ಒಬ್ಬನೇ. ನಿನ್ನ ಕಾಲು, ನಿನ್ನ ಕೈ, ನಿನ್ನ ಕತ್ತಿ. ಇನ್ನು ಮುಂದೆ ನಿನ್ನ ಜೀವ ಕೆಳಗೆ ಕ್ಯಾಬಿನ್‌ನಲ್ಲಿ ಕೂತವನ ಕೈಯಲ್ಲೂ ಇರುತ್ತದೆ. ಅವನು ನಿನ್ನೆ ಕಬ್ಬಿಣದ ತೊಲೆ ಎತ್ತಿದವನು, ನಾಳೆ ಟ್ರಾನ್ಸ್‌ಫಾರ್ಮರ್ ಎತ್ತುವವನು. ತೊಲೆಯ ತೂಕ ಬಿಲ್ಲಿನಲ್ಲಿ ಬರೆದಿರುತ್ತದೆ. ಹಲಸಿನ ಕೊಂಬೆಯ ತೂಕ ಯಾರೂ ಬರೆದಿಟ್ಟಿಲ್ಲ. ಮರ ಗೊತ್ತಿರುವವನು ನೀನೊಬ್ಬನೇ. ಆದ್ದರಿಂದ ಪ್ರತಿ ತುಂಡಿಗೂ ‘ಇದು ಇಷ್ಟು ಕಿಲೋ’ ಎಂದು ಹೇಳಬೇಕಾದವನು ನೀನು. ಅವನು ಕೇಳದಿದ್ದರೂ ಹೇಳಬೇಕು.

ಲೆಕ್ಕ ನಿನಗೆ ಬರುತ್ತದೆ ಅಂದುಕೊಂಡಿರುತ್ತೀ, ಮರದ ಮಿಲ್ಲಿನಲ್ಲಿ ನೋಡಿದ್ದೀಯಲ್ಲ. ಅಲ್ಲಿಯೇ ಮೋಸ ಹೋಗುವುದು. ಮಿಲ್ಲಿನವರು ಸುತ್ತಳತೆಯ ಕಾಲು ಭಾಗ ತೆಗೆದು, ಅದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. ಆರಡಿ ಸುತ್ತಳತೆಯ, ಹತ್ತಡಿ ಉದ್ದದ ದಿಮ್ಮಿಗೆ ಆ ಲೆಕ್ಕದಲ್ಲಿ 22.5 ಘನ ಅಡಿ ಬರುತ್ತದೆ. ಅದು ವ್ಯಾಪಾರದ ಲೆಕ್ಕ. ಸಿಪ್ಪೆ, ಹೊಟ್ಟು, ಮೂಲೆ ಎಲ್ಲ ಕಳೆದು ಹಲಗೆ ಎಷ್ಟು ಸಿಕ್ಕೀತು ಎಂಬುದರ ಅಂದಾಜು. ಕ್ರೇನಿನ ಹುಕ್ಕಿಗೆ ಸಿಪ್ಪೆಯೂ ಭಾರವೇ. ಅದೇ ದಿಮ್ಮಿಯ ನಿಜವಾದ ಗಾತ್ರ 28 ಘನ ಅಡಿಗಿಂತ ಹೆಚ್ಚು. ಹಸಿ ಮರ ಹೆಚ್ಚುಕಡಿಮೆ ನೀರಿನಷ್ಟೇ ಭಾರ, ಅಂದರೆ ಘನ ಅಡಿಗೆ 28 ಕಿಲೋ. ಸ್ವಲ್ಪ ಹೆಚ್ಚೇ ಹಿಡಿದು 30 ಅಂತಲೇ ಹಾಕಿಕೋ. ಬಾಯಿಪಾಠ ಮಾಡಲು ಸುಲಭವಾಗಲಿ ಎಂದು ಹೀಗೆ ಇಟ್ಟುಕೊಂಡಿದ್ದೇನೆ: ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸು, ಉದ್ದದಿಂದ ಗುಣಿಸು, ಕೊನೆಗೆ 2.4ರಿಂದ ಗುಣಿಸು. ಅಳತೆ ಅಡಿಯಲ್ಲಿದ್ದರೆ ಉತ್ತರ ಕಿಲೋದಲ್ಲಿ ಬರುತ್ತದೆ. ನಮ್ಮ ದಿಮ್ಮಿಗೆ 864 ಕಿಲೋ. ಮಿಲ್ಲಿನ ಲೆಕ್ಕ ಹಿಡಿದಿದ್ದರೆ 675 ಎಂದು ಹೇಳಿಬಿಡುತ್ತಿದ್ದೆ. ಮಧ್ಯೆ ಇರುವ 190 ಕಿಲೋ ಎಂದರೆ ಮೂರು ಜನ ಕ್ರೇನಿನ ಬೂಮಿನ ತುದಿಗೆ ಜೋತುಬಿದ್ದಷ್ಟು.

ಇದು ಬೋಳು ದಿಮ್ಮಿಯ ಮಾತು. ಸೊಪ್ಪು ಸಮೇತ ತುದಿ ಎತ್ತುವಾಗ ಕೊಂಬೆ ಕೊಂಬೆಗೂ ಬೇರೆ ಲೆಕ್ಕ ಕೂಡಿಸಬೇಕು. ಮಳೆ ಬಂದ ಮರುದಿನ ಎಲೆಯ ಮೇಲಿನ ನೀರೂ ತೂಗುತ್ತದೆ. ಗೋಳಿ, ಅಶ್ವತ್ಥ ಮೆದು ಮರ, ಹಗುರ ಎಂದು ಉದಾಸೀನ ಮಾಡಬೇಡ, ಹಸಿ ಇದ್ದಾಗ ನೀರು ತುಂಬಿಕೊಂಡಿರುತ್ತವೆ. ಕಿರಾಲ್‌ಬೋಗಿಯಂಥ ಗಟ್ಟಿ ಮರವಂತೂ ಹಸಿಯಲ್ಲಿ ನೀರಿಗೆ ಹಾಕಿದರೆ ಮುಳುಗುತ್ತದೆ, ಅದಕ್ಕೆ 30 ಸಾಲದು.

ಇನ್ನು ಕ್ರೇನ್. ನಮ್ಮೂರಿನ ಗಲ್ಲಿಗೆ ಬರುವುದು ಹೆಚ್ಚಾಗಿ ಹೈಡ್ರಾ. ಮೈಮೇಲೆ 14 ಟನ್ ಎಂದು ಬರೆದಿರುತ್ತದೆ. ಅದನ್ನು ನೋಡಿ ಮನೆ ಯಜಮಾನರು, ‘ಇಡೀ ಮರ ಒಂದೇ ಸಲಕ್ಕೆ ಎತ್ತಬಹುದಲ್ಲ ಮಾರಾಯ’ ಅನ್ನುತ್ತಾರೆ. ಆ 14 ಟನ್ ಬೂಮ್ ಒಳಗೆಳೆದುಕೊಂಡು, ಹುಕ್ಕು ಗಾಡಿಯ ಮೂತಿಯ ಹತ್ತಿರವೇ ಇದ್ದಾಗಿನ ತಾಕತ್ತು. ಬೂಮ್ ಚಾಚಿದಷ್ಟೂ ಅದು ಇಳಿಯುತ್ತದೆ, ಮನೆ ದಾಟಿಸಿ ಹಿತ್ತಿಲಿಗೆ ಚಾಚಿದಾಗ ಟನ್ನಿನ ಲೆಕ್ಕ ಹೋಗಿ ಕಿಲೋ ಲೆಕ್ಕಕ್ಕೆ ಬಂದರೂ ಬಂದೀತು. ಎಷ್ಟು ಚಾಚಿದರೆ ಎಷ್ಟು ಎತ್ತಬಹುದು ಎಂಬ ಲೋಡ್ ಚಾರ್ಟ್ ಕ್ಯಾಬಿನ್‌ನಲ್ಲಿ ಇರಬೇಕು. ಮೊದಲ ದಿನ ಹೋದವನೇ ಅದನ್ನು ತೋರಿಸಿ ಎಂದು ಕೇಳು. ನಗುತ್ತಾರೆ, ನಗಲಿ. ಹೈಡ್ರಾಕ್ಕೆ ಕಾಲು ಚಾಚಿ ನಿಲ್ಲುವ ಔಟ್‌ರಿಗರ್ ಇಲ್ಲ, ಟಯರಿನ ಮೇಲೆಯೇ ನಿಂತು ಎತ್ತುವ ಗಾಡಿ ಅದು. ಮನೆಯ ಮೇಲಿಂದ ದಾಟಿಸುವ ಕೆಲಸಕ್ಕೆ ಔಟ್‌ರಿಗರ್ ಇರುವ ಕ್ರೇನನ್ನೇ ತರಿಸಬೇಕು. ಬಾಡಿಗೆ ಹೆಚ್ಚು ಎಂದು ಗುತ್ತಿಗೆದಾರ ಗೊಣಗಿದರೆ ಅವನ ಹತ್ತಿರ ಶೀಟಿನ ರೇಟು ವಿಚಾರಿಸು.

ಆ ಔಟ್‌ರಿಗರ್ ಊರುವ ಜಾಗವನ್ನು ನೀನೇ ನಡೆದು ನೋಡು. ನಮ್ಮದು ಮುರಕಲ್ಲಿನ ನೆಲ, ಬೇಸಿಗೆಯಲ್ಲಿ ಬಂಡೆಯ ಹಾಗೆ ಕಾಣುತ್ತದೆ. ಆದರೆ ಅಂಗಳದ ಅಡಿಯಲ್ಲಿ ಶೌಚಾಲಯದ ಪಿಟ್ ಇರಬಹುದು, ಇಂಗುಗುಂಡಿ ಇರಬಹುದು, ಚಪ್ಪಡಿ ಮುಚ್ಚಿ ಮಣ್ಣೆಳೆದು ಮರೆತ ಹಳೇ ಬಾವಿಯೂ ಇರಬಹುದು. ವಿಟ್ಲ, ಅಡ್ಯನಡ್ಕ, ಮಾಣಿಲ ಕಡೆ ಹೋದರೆ ಸುರಂಗವೂ ಸೇರುತ್ತದೆ. ಗುಡ್ಡದ ಹೊಟ್ಟೆ ಕೊರೆದು ನೀರು ತಂದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ನಮಗೆಲ್ಲ ಹೆಮ್ಮೆಯ ವಿಷಯ. ಆದರೆ ಅಂಥ ಸುರಂಗದ ಮೇಲೆ ಕ್ರೇನ್ ನಿಲ್ಲಿಸಬಾರದು. ಮನೆಯ ಹಿರಿಯರನ್ನು, ಮುಖ್ಯವಾಗಿ ಅಜ್ಜಿಯನ್ನು ಕೇಳು. ಯಜಮಾನರಿಗೆ ಗೊತ್ತಿಲ್ಲದ ಗುಂಡಿ ಅಜ್ಜಿಗೆ ಗೊತ್ತಿರುತ್ತದೆ.

ಮೇಲೆ ಹೋದ ಮೇಲಿನ ಕೆಲಸ ಹೀಗೆ. ಕಡಿಯುವ ತುಂಡಿನ ಭಾರದ ನಡು ಎಲ್ಲಿದೆ ಎಂದು ಅಂದಾಜು ಮಾಡಿ, ಅದಕ್ಕಿಂತ ಮೇಲೆ ಕ್ರೇನಿನ ಹುಕ್ಕಿಗೆ ಸಿಕ್ಕಿಸುವ ಬೆಲ್ಟ್ ಹಾಕಬೇಕು. ಕೆಳಗಾದರೆ ಕಡಿದ ಕೂಡಲೇ ತುಂಡು ತಲೆಕೆಳಗಾಗಿ ನಿನ್ನ ಮೇಲೇ ತಿರುಗುತ್ತದೆ. ಬೆಲ್ಟಿನ ಬಣ್ಣ ನೋಡಿ ಅಭ್ಯಾಸ ಮಾಡಿಕೋ: ನೇರಳೆ ಒಂದು ಟನ್, ಹಸಿರು ಎರಡು, ಹಳದಿ ಮೂರು. ಬಿಸಿಲಿಗೆ ಬಣ್ಣ ಹೋಗಿ, ಚೀಟಿ ಹರಿದು, ಅಂಚಿನಲ್ಲಿ ನೂಲು ಎದ್ದ ಬೆಲ್ಟನ್ನು ಮುಟ್ಟಬೇಡ. ಕುಣಿಕೆ ಹಾಕಿ ಬಿಗಿದರೆ ಅದರ ತಾಕತ್ತು ಐದರಲ್ಲಿ ನಾಲ್ಕು ಪಾಲಿಗೆ ಇಳಿಯುತ್ತದೆ. ಎರಡು ಬೆಲ್ಟ್ ಹಾಕಿದರೆ ಭಾರ ಅರ್ಧರ್ಧ ಹಂಚಿಹೋಗುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಆದರೆ ಎರಡರ ನಡುವೆ 120 ಡಿಗ್ರಿಯಷ್ಟು ಅಗಲವಾದರೆ ಒಂದೊಂದರ ಮೇಲೂ ಪೂರ್ತಿ ಭಾರ ಬೀಳುತ್ತದೆ. 60 ಡಿಗ್ರಿ ಒಳಗೇ ಇಟ್ಟುಕೋ.

ಬೆಲ್ಟ್ ಹಾಕಿ ಆದಮೇಲೆ ನೀನು ಕೆಳಗೆ ಸರಿದು, ಉಳಿಯುವ ಬೊಡ್ಡೆಗೆ, ಕಡಿಯುವ ಜಾಗದಿಂದ ಕೆಳಗೆ ಎರಡು ಕಡೆ ನಿನ್ನನ್ನು ಕಟ್ಟಿಕೊಳ್ಳಬೇಕು. ಹೋಗುವ ತುಂಡಿಗೆ ಎಂದೂ ಕಟ್ಟಿಕೊಳ್ಳಬೇಡ. ಎರಡು ಕಟ್ಟಿನಲ್ಲಿ ಒಂದಾದರೂ ಒಳಗೆ ಉಕ್ಕಿನ ತಂತಿ ಇರುವುದಾಗಿರಲಿ, ಗರಗಸಕ್ಕೆ ಹಗ್ಗ ಯಾವುದು ಕೊಂಬೆ ಯಾವುದು ಗೊತ್ತಾಗುವುದಿಲ್ಲ. ಆಮೇಲೆ ಕ್ರೇನಿನವನಿಗೆ ಬಿಗಿ ಮಾಡಲು ಕೈ ತೋರಿಸು. ಬೆಲ್ಟ್ ನೆಟ್ಟಗಾಗಿ ಸಿಪ್ಪೆಯೊಳಗೆ ಕಚ್ಚುತ್ತದೆ, ಕುಣಿಕೆಯ ಕೆಳಗೆ ಪಾಚಿ ಉದುರುತ್ತದೆ. ಅಷ್ಟಕ್ಕೆ ನಿಲ್ಲಿಸಬೇಕು. ಸಡಿಲ ಬಿಟ್ಟರೆ ಕಡಿದ ತುಂಡು ಕುಸಿದು ಬೂಮನ್ನು ಜಗ್ಗುತ್ತದೆ. ಅತಿಯಾಗಿ ಬಿಗಿದರೆ ತುಂಡು ಮೇಲಕ್ಕೆ ಚಿಮ್ಮುತ್ತದೆ, ಕಚ್ಚಿಕೊಂಡಿದ್ದರೆ ಗರಗಸವೂ ಅದರೊಟ್ಟಿಗೆ ಹೋಗುತ್ತದೆ. ನೀನು ಹೇಳಿದ ತೂಕ ಸರಿಯೋ ತಪ್ಪೋ ಎಂಬುದು ಆ ಬಿಗಿಯಲ್ಲೇ ಗೊತ್ತಾಗುತ್ತದೆ. ಕಡಿಯುತ್ತಾ ಹೋದ ಹಾಗೆ ಗೀರು ಬೆರಳು ದಪ್ಪಕ್ಕೆ ಬಾಯಿ ಬಿಟ್ಟರೆ ಬಿಗಿ ಹೆಚ್ಚಾಗಿದೆ, ಮುಚ್ಚಿಕೊಂಡು ಬ್ಲೇಡು ಹಿಡಿದರೆ ಕಡಿಮೆಯಾಗಿದೆ. ಎರಡರಲ್ಲೂ ಗರಗಸ ನಿಲ್ಲಿಸಿ ಕೂಗು. ತುಂಡು ಬಿಟ್ಟುಕೊಂಡ ಮೇಲೆ ಅದನ್ನು ಕೈಯಲ್ಲಿ ತಳ್ಳಲು, ತಿರುಗಿಸಲು ಹೋಗಬೇಡ. ಕೆಳಗಿನವರು ಹಗ್ಗದಲ್ಲಿ ತಿರುಗಿಸುತ್ತಾರೆ, ಅವರೂ ತುಂಡಿನ ಅಡಿಗೆ ಬರಬಾರದು.

ಸನ್ನೆ ಮಾಡುವವನು ಒಬ್ಬನೇ ಇರಬೇಕು. ನಮ್ಮಲ್ಲಿ ಮರ ಇಳಿಯುವುದನ್ನು ನೋಡಲು ಅರ್ಧ ಊರು ಸೇರುತ್ತದೆ, ಎಲ್ಲರೂ ‘ಬಿಡು ಬಿಡು’, ‘ಎತ್ತು ಎತ್ತು’ ಎಂದು ಕೈ ಬೀಸುತ್ತಾರೆ. ಕೆಲಸ ಸುರುವಾಗುವ ಮೊದಲೇ ಆಪರೇಟರ್‌ ಜತೆ ಕೂತು ಚಾ ಕುಡಿ. ಯಾರ ಕೈ ನೋಡಬೇಕು, ನಿಲ್ಲಿಸು ಎಂಬುದಕ್ಕೆ ಯಾವ ಸನ್ನೆ ಎಂದು ಮಾತಾಡಿಕೋ. ನಿಲ್ಲಿಸು ಎಂದು ಯಾರು ಹೇಳಿದರೂ, ಸೊಪ್ಪು ಹೆಕ್ಕುವ ಹುಡುಗ ಹೇಳಿದರೂ ನಿಲ್ಲಿಸಬೇಕು. ಉಳಿದೆಲ್ಲ ಸನ್ನೆ ಒಬ್ಬನದೇ.

ಕರೆಂಟಿನ ವಿಷಯದಲ್ಲಿ ಮಾತ್ರ ಯಾವ ಧೈರ್ಯವೂ ಬೇಡ. ಲೈನ್ ಹತ್ತಿರ ಇದ್ದರೆ ಮೆಸ್ಕಾಂಗೆ ಅರ್ಜಿ ಕೊಟ್ಟು ಎಲ್‌ಸಿ (ಲೈನ್ ಕ್ಲಿಯರ್) ತೆಗೆಸಿ, ಪವರ್‌ಮ್ಯಾನ್ ಬಂದು ಅರ್ತಿಂಗ್ ಮಾಡಿದ ಮೇಲೆಯೇ ಹತ್ತು. ‘ಕರೆಂಟ್ ಹೋಗಿದೆ’ ಎಂಬುದು ಎಲ್‌ಸಿ ಅಲ್ಲ. ಪಕ್ಕದ ಮನೆಯ ಜನರೇಟರಿನಿಂದ ಹಿಂದಕ್ಕೆ ಕರೆಂಟು ಬರಬಹುದು, ಹೋದ ಲೈನು ಯಾವ ಗಳಿಗೆಯಲ್ಲೂ ಮರಳಬಹುದು. ಬೂಮ್ ತಂತಿಗೆ ತಾಗಿತೆಂದರೆ ಕೆಳಗಿದ್ದವರು ಯಾರೂ ಗಾಡಿ ಮುಟ್ಟಬಾರದು, ಆಪರೇಟರ್‌ ಕ್ಯಾಬಿನ್‌ನಲ್ಲೇ ಇರಬೇಕು. 11 ಕೆವಿ ಲೈನಿಗೆ ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೂ ಸಾಕು.

ಕೆಲವು ಮರಕ್ಕೆ ಹತ್ತುವುದಿಲ್ಲ ಎಂದು ಹೇಳುವುದನ್ನೂ ಕಲಿಯಬೇಕು. ಬುಡದಲ್ಲಿ ಅಣಬೆ ಎದ್ದಿದ್ದರೆ, ಕತ್ತಿಯ ಹಿಂಬದಿಯಿಂದ ಬಡಿದಾಗ ಡೋಲಿನಂತೆ ಶಬ್ದ ಬಂದರೆ, ಒಣಗಿ ವರ್ಷ ಕಳೆದ ಮಾವಾಗಿದ್ದರೆ ಕ್ರೇನ್ ಇದೆಯೆಂಬ ಧೈರ್ಯದಲ್ಲಿ ಹತ್ತಬೇಡ. ಅಂಥದ್ದಕ್ಕೆ ಬಕೆಟ್ ಇರುವ ಬೇರೆ ಗಾಡಿ ತರಿಸಲಿ. ಹುಕ್ಕಿಗೆ ಜೋತುಬಿದ್ದು ಮೇಲೆ ಹೋಗುವ ಚಂದವೂ ಬೇಡ, ರೀಲ್ಸ್‌ಗೆ ಚೆನ್ನಾಗಿ ಬರುತ್ತದೆ ಅಷ್ಟೆ. ಚೇರೆ ಮರದ ಸೊನೆ, ಹೆಜ್ಜೇನು, ಕಣಜ ಇವನ್ನೆಲ್ಲ ನಿನಗೆ ಹೇಳಿಕೊಡಬೇಕಾಗಿಲ್ಲ. ಮರ ಕಡಿಯಲು ಅನುಮತಿಯ ಕಾಗದ ಇದೆಯೇ ಎಂದು ಮಾತ್ರ ಕೇಳಿಕೋ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಾಗಕ್ಕೂ ಅನ್ವಯಿಸುತ್ತದೆ.

ಅಡಿಕೆ ಹತ್ತುವವರಿಗೆ ನಮ್ಮ ತಾಲೂಕಿನಲ್ಲಿ ಒಳ್ಳೆಯ ಕೆಲಸವಾಗಿದೆ. ವಿಟ್ಲದ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐಯಲ್ಲಿ ತರಬೇತಿ ಶಿಬಿರ ನಡೆಯಿತು. ಸಜಿಪಮೂಡದ ಗಣಪತಿ ಭಟ್ಟರು ಮರ ಹತ್ತುವ ಬೈಕನ್ನೇ ಮಾಡಿ ದೇಶಕ್ಕೆ ತೋರಿಸಿದರು. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ದೊಡ್ಡ ಮರ ಇಳಿಸುವವರು ಮಾತ್ರ ಕೆಲಸವನ್ನು ಕೆಲಸದಲ್ಲೇ ಕಲಿಯಬೇಕು, ಬಿದ್ದರೆ ಮನೆಯವರೇ ನೋಡಿಕೊಳ್ಳಬೇಕು. ಇದು ಸರಿಯಲ್ಲ. ಗುತ್ತಿಗೆ ಕೊಡುವವರು, ಪಂಚಾಯತಿನವರು ಓದುತ್ತಿದ್ದರೆ ಯೋಚನೆ ಮಾಡಲಿ.

ಅವರು ಯೋಚಿಸುವವರೆಗೆ ನೀನು ಒಂದು ಕೆಲಸ ಮಾಡು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. ದೊಡ್ಡ ಮೊತ್ತವೇನಲ್ಲ, ಆದರೆ ಏನೂ ಇಲ್ಲದ್ದಕ್ಕಿಂತ ವಾಸಿ. ಅದರ ಮೇಲೆ ಗುತ್ತಿಗೆದಾರನ ಹತ್ತಿರ ಬೇರೆ ಅಪಘಾತ ವಿಮೆ ಕೇಳು. ಕೆಲಸಕ್ಕೆ ಹೋಗುವ ಮೊದಲ ದಿನಕ್ಕೂ ಮುಂಚೆಯೇ ನಿನ್ನ ಖಾತೆ ಇರುವ ಬ್ಯಾಂಕಿಗೆ ಹೋಗಿ ಫಾರಂ ತುಂಬಿಸಿ ಬಾ. ನಾಮಿನಿ ಜಾಗದಲ್ಲಿ ಅಕ್ಕನ ಹೆಸರು ಬರೆ. ಬರುವಾಗ ಐವತ್ತಡಿಯ ಒಂದು ಅಳತೆ ಟೇಪು ತೆಗೆದುಕೊಂಡು ಬಾ, ದುಡ್ಡು ನಾನು ಕೊಡುತ್ತೇನೆ.

ಇಂತಿ ನಿನ್ನ
ಸಿದ್ಧಕಟ್ಟೆಯ ಮಾವ